ಫ್ಲೆಕ್ಸಿಗೆ ಯಾವ ಮಾರಿ ಹಾಕ್ಲಿ

ಮುಂಜಾನೆ ಒಂಬತ್ತಕ್ಕ ಅಂಗಡಿ ಶಟರ್ ಎತ್ತಿದೆ. ಸಂಜಿ ನಾಕಕ್ಕ ಮಸ್ಕಿ ಬಸ್ ಸ್ಟ್ಯಾಂಡ್ ಮುಂದ ಫ್ಲೆಕ್ಸ್ ನಿಲ್ಲಬೇಕು ಅಂತ ಫೋನ್ ಬಂದಿತ್ತು. ಕಂಪ್ಯೂಟರ್ ಚಾಲೂ ಮಾಡಿ ಮ್ಯಾಲ ಭಾವಪೂರ್ಣ ಶ್ರದ್ಧಾಂಜಲಿ ಅಂತ ಟೈಪ್ ಮಾಡಿದೆ. ನಾ ಎರಡ ಬೆರಳಿಲೆ ಟೈಪ್ ಮಾಡಾಂವ, ಒತ್ತಕ್ಷರ ಹುಡುಕೋದ್ರಾಗ ಜರ ಹೊತ್ತು ಹೋತು. ಕೆಳಗ ಅವ್ರ ಹೆಸರು ಹಾಕಿದೆ. ನಡುವ ಫೋಟೋದ ಡಬ್ಬಿ ಖಾಲಿ ಬಿಟ್ಟೆ. ಆ ಖಾಲಿ ಡಬ್ಬಿ ಮುಂದ ಕುಂತೆ. ಎದ್ದೆ. ಚಾ ಕುಡದು ಬಂದೆ. ಮತ್ತ ಕುಂತೆ. ಹತ್ತೂವರಿ ಆದ್ರೂ ಡಬ್ಬಿ ಹಂಗ ಇತ್ತು.

ಸಿಂಧನೂರಾಗ ಫ್ಲೆಕ್ಸ್ ಅಂಗಡಿ ಇಟ್ಟಾಗಿಂದ ಎಷ್ಟು ಮಂದಿ ಸತ್ತವ್ರನ್ನ ಇಂಥಾ ಡಬ್ಬಿಯೊಳಗ ಕುಂದ್ರಿಸೀನೋ ಲೆಕ್ಕ ಇಟ್ಟಿಲ್ಲ. ಐದು ನಿಮಿಷದ ಕೆಲಸ ಅದು. ಆಧಾರ್ ಕಾರ್ಡಿನಿಂದ, ಮದುವಿ ಆಲ್ಬಮ್ಮಿನಿಂದ, ಟ್ರ್ಯಾಕ್ಟರ್ ಮುಂದ ನಿಂತ ಫೋಟೋದಿಂದ ಮಾರಿ ಕತ್ತರಿಸಿ, ಹಿಂದ ನೀಲಿ ಮುಗಿಲು ಹಾಕಿ ಕಳಸೋದು. ಇವ್ರದು ಮಾತ್ರ ಆಗವಲ್ದಾಗಿತ್ತು. ಫೋಟೋ ಇಲ್ಲಂತಲ್ಲ. ನಲವತ್ತರ ಮ್ಯಾಲ ಇದ್ವು. ಒಂದರಾಗ ಮೀನು ಮಾರೋ ಮುದುಕ, ಒಂದರಾಗ ಲಾರಿ ಕ್ಲೀನರ್, ಒಂದರಾಗ ಸೊಸಿನ್ನ ಸುಡಾಕ ಹೊಂಟ ಮಾವ, ಇನ್ನೊಂದರಾಗ ಪೂಜಾರಿ. ಎಲ್ಲಾ ಅವ್ರೇ. ಒಂದರ ಬಾಜೂಕ ಒಂದು ಇಟ್ರ, ಒಂದ ಮನಿ ಮಂದಿ ಅಂತ ಸೈತ ಯಾರೂ ಅನ್ನಂಗಿಲ್ಲ.

ಅವ್ರು ಸಿನಿಮಾದಾಗ ಪಾರ್ಟ್ ಮಾಡ್ತಿದ್ರು. ಸಣ್ಣ ಸಣ್ಣ ಪಾರ್ಟು. ಹೆಸರು ಇಲ್ಲಿ ಬರಿಯಂಗಿಲ್ಲ. ಬರದ್ರೂ ನಿಮಗ ಗುರ್ತು ಹತ್ತಂಗಿಲ್ಲ, ಮಾರಿ ತೋರ್ಸಿದ್ರೂ ಹತ್ತಂಗಿಲ್ಲ. ಅದ ಈ ಹಕೀಕತ್ತು.

ಅವ್ರು ನನಗ ಮೊದ್ಲ ಸಿಕ್ಕಿದ್ದು ಲಿಂಗಸುಗೂರಾಗ, ಹತ್ತನೇತ್ತ ಪರೀಕ್ಷಾದಾಗ. ನನಗ ಆಗ ಮೂವತ್ತೆರಡು. ನಾಕನೇತ್ತಕ್ಕ ಸಾಲಿ ಬಿಟ್ಟು ಗ್ವಾಡಿ ಮ್ಯಾಲ ಸಿಮೆಂಟ್ ಜಾಹೀರಾತು ಬರ್ಕೋಂತ ತಿರಗಿದಾಂವ, ಬರಿಯೋ ಅಕ್ಷರ ಏನಂತ ಓದಾಕರ ಬರ್ಲಿ ಅಂತ ಹೊರಗಿನಿಂದ ಪರೀಕ್ಷಾ ಕಟ್ಟಿದ್ದೆ. ಅವ್ರು ತುರ್ವಿಹಾಳ ಕಡೆ ಕಾಲುವಿ ಗೇಟ್ ನೋಡಿಕೊಳ್ಳೋ ಕೆಲಸದಾಗ ಇದ್ರು. ಹತ್ತನೇತ್ತ ಪಾಸಾದ್ರ ಕೆಲಸ ಕಾಯಂ ಅಂತ ಸಾಹೇಬ್ರು ಹೇಳಿದ್ರಂತ. ಬಸ್ಸಿನ್ಯಾಗ ಒಂದ ಸೀಟಿನ್ಯಾಗ ಕುಂತು ಹೋದ್ವಿ. ನನಗ ಯಾರೋ ಅಜ್ಜ ಅಂತ ಅನ್ನಿಸಿತ್ತು. ತಲಿ ಬೋಳಾಗಿತ್ತು, ಹುಬ್ಬು ಇದ್ದಿದ್ದಿಲ್ಲ, ಬೆನ್ನು ಬಾಗಿತ್ತು.

ಪರೀಕ್ಷಾ ಖೋಲಿಯಾಗ ಮಾಸ್ತರು ಹಾಲ್ ಟಿಕೆಟ್ ನೋಡಿದ್ರು, ಅವ್ರನ್ನ ನೋಡಿದ್ರು.

"ಅಜ್ಜಾ, ಯಾರ ಬದ್ಲಿ ಬರಿಯಾಕ ಬಂದೀ? ಮೊಮ್ಮಗಂದೇನು?"

"ನಂದ ರೀ ಸರ್. ಹ್ವಾದ ವಾರ ಗುರುಗುಂಟಾದಾಗ ನಾಟಕಿತ್ತು. ಮುದುಕನ ಪಾತ್ರ ರೀ, ತಲಿ ಹುಬ್ಬು ಬೋಳಿಸೀನಿ."

"ನಾಟಕ ಮುಗದೈತಿಲ್ಲೋ?"

ಮಾಸ್ತರು ಹೊರಗ ಹಾಕಾಕ ಕೈ ಹಿಡದ್ರು. ಖೋಲಿ ತುಂಬ ಹುಡುಗುರು ನಗಾಕತ್ತಿದ್ವು. ನನಗ ಏನಾತೋ, ಎದ್ದು ನಿಂತು "ಇವ್ರೇ ಅವ್ರು ಸರ್, ನಾ ಸಾಕ್ಷಿ" ಅಂದೆ.

"ನಿನ್ನ ಸಾಕ್ಷಿಗೆ ಯಾರಪಾ ಸಾಕ್ಷಿ? ನೀನೂ ಮೀಸಿ ಹೊತ್ಕೊಂಡು ಕುಂತೀ" ಅಂದ್ರು ಮಾಸ್ತರು.

ಆಗ ಅವ್ರು ಒಂದು ಕೆಲಸ ಮಾಡಿದ್ರು. ಕಣ್ಣು ಮುಚ್ಚಿದ್ರು. ಬೆನ್ನು ನೆಟ್ಟಗಾತು. ಜೋತು ಬಿದ್ದಿದ್ದ ಗಲ್ಲ ಮ್ಯಾಲಕ್ಕ ಬಂತು, ತುಟಿ ಒಳಗ ಹೋತು. ಕಣ್ಣು ತಗದ್ರು. ಹಾಲ್ ಟಿಕೆಟ್ಟಿನ್ಯಾಗಿನ ಮಾರಿ ಅಲ್ಲೇ ಎದ್ದು ಬಂತು, ಹುಬ್ಬು ಒಂದ ಇಲ್ಲ. ಮಾಸ್ತರು ಪೇಪರ್ ಕೊಟ್ರು. ತನ್ನ ಮಾರಿನ್ನ ತಾನ ಪಾತ್ರ ಮಾಡಿದಂಗ ಮಾಡಿ ತೋರ್ಸೋ ಮನಷ್ಯಾನ್ನ ನಾ ಮತ್ತೊಬ್ಬನ್ನ ನೋಡಿಲ್ಲ.

ಹೊರಗ ಬಂದ ಮ್ಯಾಲ ಮಿರ್ಚಿ ತಿನ್ಸಿದ್ರು. ಹಾಲ್ ಟಿಕೆಟ್ಟಿಗೆ ಹಚ್ಚಿ ಉಳದಿದ್ದ ಒಂದು ಪಾಸ್‌ಪೋರ್ಟ್ ಫೋಟೋ ಕಿಸೆದಾಗಿಂದ ತಗದು, "ಸಾಕ್ಷಿ ಅಂದೀ ಅಲ್ಲ, ಇಟ್ಕೋ" ಅಂತ ನನ್ನ ಕೈಯಾಗ ಕೊಟ್ರು. ಪರೀಕ್ಷಾ ಇಬ್ರೂ ಪಾಸಾದ್ವಿ. ಅವ್ರು ಗಣಿತದಾಗ ನನ್ನಕಿಂತ ಎರಡು ಮಾರ್ಕು ಜಾಸ್ತಿ. ಅದನ್ನ ಕಡೀತನಕ ಆಡಿ ತೋರ್ಸಿದ್ರು.

ನಾಟಕದಿಂದ ಸಿನಿಮಾಕ್ಕ ಹೋದ್ರು. ಕಾಲುವಿ ಕೆಲಸ ಬಿಡಲಿಲ್ಲ, ರಜಾ ಹಾಕಿ ಹೋಗಿ ಬರ್ತಿದ್ರು. "ಗೇಟ್ ಮ್ಯಾಲ ಕುಂತ್ರ ದಿನಾ ಹೊಸ ಮಂದಿ ಬರ್ತಾರ ಲೇ, ನೀರಿಗೆ ಬಡದಾಡಾಕ. ಬಡದಾಡೋ ಮುಂದ ಮನಷ್ಯಾ ಪೂರಾ ಕಾಣ್ತಾನ" ಅಂತಿದ್ರು. ಯಾರು ಹೆಂಗ ಟವೆಲ್ ಝಾಡಿಸ್ತಾರ, ಯಾರು ಬೈಯ್ಯೋಕಿಂತ ಮೊದ್ಲ ಉಗುಳ್ತಾರ, ಎಲ್ಲಾ ಹಿಡಕೊಂಡು ಬಂದು ನನ್ನ ಅಂಗಡ್ಯಾಗ ಮಾಡಿ ತೋರ್ಸ್ತಿದ್ರು. ಒಮ್ಮಿ ಖರೇನ ಗಿರಾಕಿ ಬಂದಾನಂತ ತಿಳಕೊಂಡು ನಾ ಖುರ್ಚಿ ಹಾಕೀನಿ.

ಮೀನು ಮಾರೋ ಮುದುಕನ ಪಾತ್ರ ಬಂದಾಗ ಸಿಂಧನೂರ ಬಾಜೂಕಿನ ನಿರಾಶ್ರಿತರ ಆರ್.ಎಚ್. ಕ್ಯಾಂಪಿಗೆ ಹೋಗಿ ಎಂಟು ದಿನ ಇದ್ರು. ಅಲ್ಲಿ ಬಂಗಾಲಿ ಮಂದಿ ಭತ್ತದ ಗದ್ದಿ ದಂಡ್ಯಾಗ ಕುಂದ್ರೋದು, ಲುಂಗಿ ಎತ್ತಿ ಕಟ್ಟೋದು, ಮೀನಿನ ಕಿವಿರು ತೆರದು ನೋಡೋದು ಕಲ್ತು ಬಂದ್ರು. ಸಿನಿಮಾ ಸಿಂಧನೂರಿಗೆ ಬಂತು. ಕ್ಯಾಂಪಿನ ಮಂದಿ ನೋಡಿ "ಈ ಮುದುಕ ನಮ್ಮವ್ರು, ಯಾವ ಕ್ಯಾಂಪಿನವ್ರೋ" ಅಂತ ವಾದ ಮಾಡಿದ್ರು. ಅವ್ರ ಊರು ಮಸ್ಕಿಯಿಂದ ಅವ್ರನ್ನ ನೋಡಾಕ ಅಂತ ಜೀಪು ಮಾಡ್ಕೊಂಡು ಬಂದ ಮಂದಿ ಹೊರಗ ಬಂದು, "ನಮ್ಮಾವಂದು ಪಾರ್ಟ್ ಕಟ್ ಮಾಡ್ಯಾರಲೇ, ಎಲ್ಲೂ ಕಾಣ್ಲಿಲ್ಲ" ಅಂದ್ರು!

ಆ ದಿನ ಅವ್ರು ಟಾಕೀಸಿನ ಸೈಕಲ್ ಸ್ಟ್ಯಾಂಡ್ ಬಾಜೂಕ ನಿಂತಿದ್ರು. ನಾನೂ ಇದ್ದೆ. ಮಂದಿ ಹೊರಗ ಬರಾಕತ್ತಿದ್ರು. "ಆ ಮುದುಕ ಸಾಯೋದು ನೋಡಿ ಕರಳು ಚುರ್ ಅಂತು" ಅಂದ್ಕೋಂತ ಒಬ್ಬಾಕಿ ಅವ್ರ ಮೊಣಕೈಗೆ ತಾಗಿ ಹಾದು ಹೋದ್ಲು. ಅವ್ರು ನನ್ನ ತೊಡಿ ಚಿವುಟಿ ನಕ್ರು. ಮೊದಲ್ನೇ ದಿನ ಖುಷಿ ಏನು ಹೇಳ್ತೀರಿ! ಎರಡನೇ ದಿನಾನೂ ಬಂದು ನಿಂತ್ರು. ಮೂರನೇ ದಿನಾನೂ ನಿಂತಿದ್ರು. ಅವತ್ತು ನಗಲಿಲ್ಲ. ಹೊರಗ ಬರೋರ ಒಬ್ಬೊಬ್ರ ಮಾರಿ ನೋಡಾಕತ್ತಿದ್ರು. ನಾ ದೂರದಿಂದ ನೋಡಿ ಹಂಗ ಹೊಳ್ಳಿ ಬಂದೆ.

ಅದಕ್ಕ ನಾ ಅವ್ರ ಜೋಡಿ ಜಗಳ ಶುರು ಮಾಡಿದ್ದು.

ನನ್ನ ಧಂದೆ ನನಗ ಒಂದು ಕಲಿಸೈತಿ. ನಮ್ಮ ಕಡೆ ಒಬ್ಬ ಲೀಡರು ಅದಾರ. ಎಷ್ಟೋ ವರ್ಷದಿಂದ ಒಂದ ಫೋಟೋ, ಬಲಗೈ ಎತ್ತಿದ್ದು, ಕೂದ್ಲು ಕರ್ರಗ. ಒಮ್ಮಿ ನಾ ಹೊಸಾ ಫೋಟೋ ಹಾಕಿದೆ, ಛಲೋ ಕಾಣ್ತಿದ್ರು. ಅವ್ರ ಮಂದಿ ಬಂದು "ಇಂವ ಯಾರಲೇ?" ಅಂತ ಬೈದು ಫ್ಲೆಕ್ಸ್ ಬಿಚ್ಚಿಸಿದ್ರು. ಮಂದಿ ಗಾಡಿ ಮ್ಯಾಲ ಹೋಗೋ ಮುಂದ ಒಂದ ಸಲ ಕತ್ತು ಎತ್ತತಾರ. ಅಷ್ಟರಾಗ ಗುರ್ತು ಹತ್ತಬೇಕು. ಸಿನಿಮಾನೂ ಹಂಗ. ಪರದೆ ಮ್ಯಾಲ ನೂರು ಮಂದಿ ಬಂದು ಹೋಗ್ತಾರ. ಒಬ್ಬ ನಟ ಬಂದಕೂಡ್ಲೇ, ಇನ್ನೂ ಬಾಯಿ ತೆಗಿಯೋಕಿಂತ ಮೊದ್ಲ, "ಏ ಬಂದ ನೋಡು" ಅಂತ ಮಂದಿ ಖುರ್ಚಿ ಮ್ಯಾಲ ಹೊಳ್ಳಾಡಬೇಕು. ಹಂಗಾದ್ರ ಅರ್ಧ ಕೆಲಸ ಮುಗೀತು. ಒಂದು ನಡಿಗಿ, ಒಂದು ನಗು, ಕೈ ತಿರವೋದು, ಏನರ ಒಂದು ಮಂದಿಗೆ ಹಿಡಕೊಳ್ಳಾಕ ಬೇಕು. ಕಂಠ ಇಲ್ಲದ ಕೊಡ ಎಷ್ಟು ತುಂಬಿದ್ರೂ ಎತ್ತಿ ಒಯ್ಯಾಕ ಬರಂಗಿಲ್ಲ.

ಲಿಂಗಸುಗೂರು ಕಡೆಯವ್ರು ಇನ್ನೊಬ್ರು ಅದಾರ, ಇವ್ರ ಜೋಡಿನ ನಾಟಕ ಮಾಡಿದವ್ರು. ಅವ್ರಿಗೆ ಬರೋದು ಒಂದ: ಕೆಮ್ಮಿ ಕೆಮ್ಮಿ ನಗೋದು. ಜಡ್ಜ್ ಆದ್ರೂ ಅದ ಕೆಮ್ಮು, ಕಳ್ಳ ಆದ್ರೂ ಅದ ಕೆಮ್ಮು. ಬಸ್ಸಿನ್ಯಾಗ ಕೆಮ್ಮಿದ್ರ ಸಾಕು, ಮಂದಿ ಎದ್ದು ಸೀಟು ಕೊಡ್ತಾರ. ಒಮ್ಮಿ ನನ್ನ ಮುಂದನ ಇವ್ರಿಗೆ ಅಂದ್ರು, "ನಾ ನಟ ಅಲ್ಲೋ ಮಾರಾಯಾ, ನಾ ಒಂದು ಕೆಮ್ಮು. ನೀ ನಟ. ಖರೆ, ಗಾಡಿ ನನಗ ಕಳಸ್ತಾರ, ನೀ ಬಸ್ಸಿಗೆ ಬರ್ತಿ."

ಇವ್ರು ಹೊಟ್ಟಿ ಹಿಡಕೊಂಡು ನಕ್ರು. ನನಗ ನಗಿ ಬರಲಿಲ್ಲ.

"ಅಣ್ಣಾ, ನೀವೂ ಒಂದು ಇಟ್ಕೋರಿ" ಅಂತ ನಾನ ಒಂದು ಹುಡುಕಿ ಕೊಟ್ಟೆ. ಟವೆಲ್ ಗಾಳ್ಯಾಗ ತಿರುವಿ ಕೊಳ್ಳಾಗ ಹಿಡಿಯೋದು. ಎಲ್ಲಾ ಪಾತ್ರದಾಗ ಅದನ್ನ ಒಮ್ಮಿ ಮಾಡ್ರಿ ಅಂದೆ. ಅಂಗಡ್ಯಾಗ ಮಾಡಿ ತೋರ್ಸಿದ್ರು. ಅಬಬಾ, ಏನು ಚಂದ! ನಾ ಸೀಟಿ ಹೊಡದೆ.

"ಛಲೋ ಐತಿ ಲೇ" ಅಂತ ಟವೆಲ್ ಮಡಚಿ ಟೇಬಲ್ ಮ್ಯಾಲ ಇಟ್ರು. "ಖರೆ, ಮುಂದಿನ ಸಿನಿಮಾಕ್ಕ ಇದನ್ನ ಒಂದನ್ನ ಕಳಸೋಣು. ನಾ ಎದಕ ಹೋಗ್ಲಿ?"

ಇನ್ನೊಂದು ಕೇಳ್ರಿ. ಬೆಂಗಳೂರಾಗ ಒಬ್ಬ ದೊಡ್ಡ ಡೈರೆಕ್ಟರ್ ಆಫೀಸಿಗೆ ಪಾರ್ಟ್ ಕೇಳಾಕ ಹೋಗ್ಯಾರ. ಡೈರೆಕ್ಟರು ಇವ್ರ ಮುಂದನ ತಮ್ಮ ಮಂದಿಗೆ, "ಆ ಮೀನು ಮಾರೋ ಮುದುಕ ಮಾಡಿದ್ನಲ್ಲ, ಅವನು ಬೇಕು ಕಣ್ರಯ್ಯಾ, ಎಲ್ಲಿದ್ರೂ ಹುಡುಕ್ಕೊಂಡ್ ಬನ್ನಿ" ಅನ್ನಾಕತ್ತಾರ. ಇವ್ರು ಎದುರಿಗೆ ಖುರ್ಚಿ ಮ್ಯಾಲ ಕುಂತಾರ!

"ನಾನ ರೀ ಅಂತ ಅನ್ನಲಿಲ್ಲೇನು?" ನಾ ಚೀರಿದೆ.

"ಅವ್ರಿಗೆ ಮುದುಕ ಬೇಕಾಗಿದ್ದ. ನಾ ಅಲ್ಲ. ಊರು ಕಡೆ ಹೋಗಿ ಹುಡುಕಿ ಕಳಸ್ತೀನ್ರಿ ಅಂತ ಹೇಳಿ ಬಂದೆ."

"ಮಾಡಿ ತೋರ್ಸಬೇಕಿಲ್ಲೋ ಅಣ್ಣಾ! ಪರೀಕ್ಷಾದಾಗ ತೋರ್ಸಿದ್ರಿ ಅಲ್ಲ!"

"ಎಷ್ಟು ಸಲ ತೋರ್ಸೋದಲೇ" ಅಂದ್ರು. ಅಷ್ಟ ಅಂದ್ರು. ಆ ದೊಡ್ಡ ಪಾರ್ಟು ಯಾರಿಗೆ ಹೋತೋ. ನನಗ ಮೂರು ದಿನ ಊಟ ಸೇರಲಿಲ್ಲ.

ಈಗ ನನ್ನ ತಪ್ಪು ಹೇಳ್ಬೇಕು. ಇದನ್ನ ಇಷ್ಟು ವರ್ಷ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ.

ಲಾರಿ ಕ್ಲೀನರ್ ಪಾರ್ಟಿನ ಸಿನಿಮಾ ಓಡಾಕತ್ತಿದಾಗ ಮಸ್ಕಿ ಮಂದಿ ಅವ್ರಿಗೆ ಸನ್ಮಾನ ಇಟ್ಟಿದ್ರು. ಇಪ್ಪತ್ತು ಫೂಟಿನ ಫ್ಲೆಕ್ಸ್ ನನಗ ಕೊಟ್ರು. ಸಿನಿಮಾದವ್ರು ಕಳಸಿದ್ದ ಫೋಟೋದಾಗ ಲಾರಿ ಮುಂದ ಏಳೆಂಟು ಮಂದಿ ನಿಂತಿದ್ರು, ಎಲ್ರ ಮಾರಿಗೂ ಆಯಿಲ್ ಮಸಿ. ನಾ ಇನ್ನೂ ಸಿನಿಮಾ ನೋಡಿದ್ದಿಲ್ಲ. ಊರಿನವ್ರಿಗೆ ಹತ್ತಲಿಕ್ಕಿಲ್ಲ, ನನಗ ಅವ್ರ ಗುರ್ತು ಹತ್ತಲಾರದೇನು ಅಂತ ಸೊಕ್ಕು. ಕೆಳಗಿನ ತುಟಿ ಮುಂದ ಮಾಡಿ, ಎಡಗಣ್ಣು ಸಣ್ಣ ಮಾಡಿ, ದವಡಿ ಬಿಗದು ನಿಂತಾವ ಒಬ್ಬ ಇದ್ದ. ಇವ್ರೇ, ಇಂಥಾದು ಇವ್ರಿಗೆ ಬಿಟ್ರ ಯಾರಿಗೆ ಬರತೈತಿ ಅಂತ ಕತ್ತರಿಸಿ ಹಾಕಿದೆ. ನಮ್ಮೂರ ಹೆಮ್ಮೆಯ ಕಲಾವಿದ ಅಂತ ಬರದೆ.

ಸಂಜಿಗೆ ಅವ್ರು ಬಂದ್ರು. ಫ್ಲೆಕ್ಸ್ ಕೆಳಗ ನಿಂತು ಮ್ಯಾಲ ನೋಡಿದ್ರು. ಇಬ್ರನ್ನೂ ಕೂಡಿ ನೋಡಿದಾಗ ನನಗ ತಿಳೀತು. ಅದು ಬ್ಯಾರೆ ಯಾವನೋ. ಹದಿನೈದು ವರ್ಷದ ಗೆಳ್ಯಾ ನಾ, ಸಾಕ್ಷಿ ಅಂತ ಎದ್ದು ನಿಂತಾಂವ ನಾ, ಅವ್ರ ಮಾರಿ ನನಗ ಗುರ್ತು ಹತ್ತಿಲ್ಲ! ಅವ್ರು ಒಂದು ಮಾತು ಅಂದಿದ್ರ ಆ ಮಂದಿ ನನ್ನ ಅಲ್ಲೇ ತುಳೀತಿದ್ರು, ಅಂಗಡಿ ಮುಚ್ಚಿ ಹೋಗಬೇಕಿತ್ತು.

ಅವ್ರು ನನ್ನ ಕಡೆ ನೋಡಿದ್ರು. ಮತ್ತ ಫ್ಲೆಕ್ಸ್ ನೋಡಿದ್ರು, ಪಾಠ ಓದಿದಂಗ. ನಿಧಾನ ಕೆಳಗಿನ ತುಟಿ ಮುಂದ ಬಂತು. ಎಡಗಣ್ಣು ಸಣ್ಣಾತು. ದವಡಿ ಬಿಗೀತು. ಹಂಗ ಸ್ಟೇಜ್ ಹತ್ತಿದ್ರು.

"ಏ ನೋಡ್ರಲೇ, ಥೇಟ್ ಫ್ಲೆಕ್ಸಿನ್ಯಾಗ ಇದ್ದಂಗ ಅದಾರ!" ಅಂತ ಒಬ್ಬ ಚೀರಿದ. ಸೀಟಿ, ಪಟಾಕಿ, ಶಾಲು, ಹಾರ. ಎರಡು ತಾಸು ಆ ಮಾರಿ ಸಡಿಲ ಬಿಡಲಿಲ್ಲ ಅವ್ರು. ಮಂದಿ ಕೂಸುಗಳನ್ನ ಅವ್ರ ತೊಡಿ ಮ್ಯಾಲ ಕುಂದ್ರಿಸಿ ಫೋಟೋ ತಗೊಂಡ್ರು. ಹುಟ್ಟಿದೂರಾಗ ಅವ್ರಿಗೆ ಗುರ್ತು ಸಿಕ್ಕಿದ್ದು ಅವತ್ತೊಂದ ದಿನ. ಅದು ಯಾರದೋ ಮಾರ್ಯಾಗ.

ಸ್ಟೇಜ್ ಹಿಂದ ಕುಂತು ದವಡಿ ತಿಕ್ಕೊಳ್ಳಾಕತ್ತಿದ್ರು. ನಾ ಕಾಲಿಗೆ ಬೀಳಾಕ ಹೋದೆ.

"ಏಳಲೇ. ಯಾರಂತ ಅಂವ?"

"ಗೊತ್ತಿಲ್ಲಣ್ಣಾ."

"ಪಾಪ. ಅವಂಗೂ ಒಂದು ಸನ್ಮಾನ ಆತು ಬಿಡು. ಯಾರ ಮುಂದೂ ಹೇಳಬ್ಯಾಡ."

ಅಲ್ಲಿಗೆ ನಾ ಸುಮ್ನಿರಬೇಕಿತ್ತು. ಮರುದಿನ ಅಂಗಡಿಗೆ ಬಂದ್ರು. ನನಗ ನಾಚಿಕಿಯಾಗಿತ್ತು, ಅದು ಜಿದ್ದಾಗಿ ಹೊರಗ ಬಂತು. "ನೋಡಿದ್ರಿಲ್ಲೋ? ಒಂದು ಮಾರಿ ಹಿಡಕೊಂಡ್ರಿ, ಊರಿಗೆ ಊರು ಕುಣೀತು. ಅದನ್ನ ಹಿಡೀರಿ, ಇನ್ನ ಮ್ಯಾಲ ಅದನ್ನ ಮಾಡ್ರಿ" ಅಂದೆ.

"ಅದು ನನ್ನ ಮಾರಿ ಅಲ್ಲಲೇ!" ಅವ್ರು ಚೀರಿದ್ದು ನಾ ಕೇಳಿದ್ದು ಅದೊಂದ ಸಲ.

"ಮತ್ತ ನಿಮ್ಮದು ಯಾವ್ದು?" ಅಂದೆ.

ಎದ್ದು ಹೋದ್ರು. ಆರು ತಿಂಗಳು ನನ್ನ ಅಂಗಡಿ ಮೆಟ್ಲ ಹತ್ತಲಿಲ್ಲ. ಆಮ್ಯಾಲ ಬಂದ್ರು, ಚಾ ಕುಡದ್ವಿ, ನಕ್ವಿ, ಮೊದ್ಲಿನಂಗ ಆದ್ವಿ. ಖರೆ ಆ ಮಾತು ಇಬ್ರೂ ಮತ್ತ ಎತ್ತಲಿಲ್ಲ. ಹೋದ ಸೋಮವಾರ ಎದಿ ಹಿಡಕೊಂಡಾರ, ಲಿಂಗಸುಗೂರು ದವಾಖಾನಿ ಮುಟ್ಟೋದ್ರಾಗ ಹೋಗ್ಯಾರ. ಅವ್ರಿಗೆ ಕೇಳಿದ್ದು ಈಗ ನನ್ನ ಕಂಪ್ಯೂಟರಿನ್ಯಾಗ ಖಾಲಿ ಡಬ್ಬಿಯಾಗಿ ಕುಂತಿತ್ತು.

ಹನ್ನೊಂದಕ್ಕ, ಫ್ಲೆಕ್ಸ್ ಹೇಳಿದ್ದ ಮಸ್ಕಿ ಯುವಕ ಸಂಘದ ಅಧ್ಯಕ್ಷ ಫೋನ್ ಮಾಡಿದ. "ಇನ್ನೂ ಆಗಿಲ್ಲೇನು, ಹಕ್ಕಿಗೆ ಗೂಡು ಕಟ್ಟಾಕತ್ತೀಯೇನು? ಸನ್ಮಾನದ ಫೋಟೋ ಹಾಕಲೇ. ಅದರಾಗ ಎಲ್ರಿಗೂ ಗುರ್ತು ಹತ್ತತೈತಿ, ಎಲ್ರ ಫೋನಿನ್ಯಾಗೂ ಅದ ಐತಿ. ಮತ್ತ ಕೆಳಗ ನಮ್ಮ ಹುಡುಗುರವು ಹದಿನೆಂಟು ಫೋಟೋ ಕಳಸೀನಿ. ಗಾಗಲ್ ತೆಗೀಬ್ಯಾಡ ಮತ್ತ!"

ಅಂವ ಅಂದಿದ್ದು ಸುಳ್ಳಲ್ಲ. ನನ್ನ ಧಂದೆನೂ ಅದನ್ನ ಅಂತೈತಿ, ನಾ ಇಷ್ಟು ವರ್ಷ ಅವ್ರ ಮುಂದ ಒದರಿದ್ದೂ ಅದನ್ನ. ಆ ಫೋಟೋ ಡಬ್ಬಿಯೊಳಗ ಎಳದು ತಂದೆ. ತುಟಿ ಮುಂದ, ಎಡಗಣ್ಣು ಸಣ್ಣ. ಪ್ರಿಂಟ್ ಒತ್ತಾಕ ಬೆರಳು ಇಟ್ಟೆ. ಆಗಲಿಲ್ಲ. ಮತ್ತೊಮ್ಮಿ ಯಾವನದೋ ಮಾರಿ ಹಾಕಿ, ಅದರ ಕೆಳಗ ಅವ್ರ ಹೆಸರು ಬರದು, ಊರು ನಡುವ ನಿಲ್ಲಸ್ಲೇನು? ಈ ಸಲ ತಪ್ಪು ಮುಚ್ಚಾಕ ಅವ್ರೂ ಇಲ್ಲ.

ಶಟರ್ ಎಳದು ಗಾಡಿ ಹತ್ತಿ ಮಸ್ಕಿಗೆ ಹೊಂಟೆ.

ಅವ್ರ ಹೆಂಡ್ತಿ ಒಳಗ ಕುಂತಿದ್ರು. ನಾ ಬಾಗ್ಲಾಗ ಕುಂತು ಫೋನ್ ತೋರ್ಸಿ, "ಅಕ್ಕಾರ, ಇದನ್ನ ಹಾಕು ಅಂತಾರ. ಇದು ಅವ್ರ ಮಾರಿ ಅಲ್ಲರಿ" ಅಂತ ಎಲ್ಲಾ ಹೇಳಿಬಿಟ್ಟೆ. ಬೈಸಿಕೊಳ್ಳಾಕ ತಯಾರಾಗಿ ಕುಂತೆ.

"ನನಗ ಗೊತ್ತಿಲ್ಲೇನು?" ಅಂದ್ರು. "ಅವತ್ತು ಮನಿಗೆ ಬಂದಾಗ ರೊಟ್ಟಿ ಅಗಿಯಾಕ ಬಾಯಿ ಬಿಡವಲ್ರು. ಬಿಸಿನೀರಾಗ ಅರಿವಿ ಅದ್ದಿ ದವಡಿಗೆ ಇಟ್ಟಾಕಿ ನಾನು. ಯಾರದೀ ಮಾರಿ ಅಂದ್ರ, ಗೆಳ್ಯಾಂದು ಮಾನ ಅಂದ್ರು."

ಅಕ್ಕಾರು ಫೋನ್ ತಗೊಂಡು ಒಂದೊಂದ ಫೋಟೋ ಸರಸಿದ್ರು. "ಇದು ಮೀನಿನ ದಿನದ್ದು, ಮನಿ ತುಂಬ ಲುಂಗಿ. ಇದು ಪೂಜಾರಿ, ತಿಂಗಳ ಮಟ ಉಳ್ಳಾಗಡ್ಡಿ ತಿನ್ನಲಿಲ್ಲ. ಇದಲ್ಲ. ಇದೂ ಅಲ್ಲ." ಫೋನ್ ಹೊಳ್ಳಿ ಕೊಟ್ರು. "ನಿನ್ನ ಕಡೆ ಒಂದು ಐತಿ ಅಂತಿದ್ರಪ್ಪಾ. ನನ್ನ ಸಾಕ್ಷಿ ಅವನ ಹತ್ರ ಐತಿ ಅಂತ ಎರಡು ಮೂರು ಸಲ ಅಂದಾರ. ಎಲ್ಲಿಟ್ಟೀ?"

ಎಲ್ಲಿಟ್ಟೀನಿ. ಟೇಬಲ್ಲಿನ ಗಾಜಿನ ಕೆಳಗ ಇಟ್ಟೀನಿ. ಅಂಗಡಿ ತೆರದ ದಿನ ಇಟ್ಟು, ಅದರ ಮ್ಯಾಲ ಕ್ಯಾಲೆಂಡರ್, ಬಿಲ್ಲು, ಚಾ ಕಪ್ಪು ಇಟ್ಕೋಂತ ಬಂದು ಮರತೀನಿ. ಮುಂಜಾನಿಂದ ಅದರ ಮ್ಯಾಲನ ಮೊಣಕೈ ಊರಿ ಕುಂತು ನಲವತ್ತು ಫೋಟೋ ನೋಡೀನಿ.

ಸಿಂಧನೂರಿಗೆ ಹೆಂಗ ಬಂದ್ನೋ ಗೊತ್ತಿಲ್ಲ. ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಕಿತ್ರ ಹರೀತೈತಿ ಅಂತ ಗಾಜಿನ ಮ್ಯಾಲಿಂದನ ಫೋನಿನ್ಯಾಗ ಹಿಡದೆ. ಮೂವತ್ತರ ಮ್ಯಾಲಿನ ಒಬ್ಬ ಸಾದಾ ಮನಷ್ಯಾ. ಎಣ್ಣಿ ಹಚ್ಚಿ ಬಾಚಿದ ತಲಿ, ದಪ್ಪನ ಹುಬ್ಬು, ಕ್ಯಾಮೆರಾಕ್ಕ ಜರ ಅಂಜಿದ ಕಣ್ಣು. ಭುಜದ ಮ್ಯಾಲ, ಗಾಜಿಗೆ ಹತ್ತಿದ್ದ ಚಾ ಕಪ್ಪಿನ ಅರ್ಧ ಗುಂಡು ಕಲಿ. ಕಂಪ್ಯೂಟರಿನ್ಯಾಗ ಆ ಕಲಿ ತೆಗಿಯಾಕ ಬರ್ತಿತ್ತು. ತೆಗಿಲಿಲ್ಲ.

ಐದಕ್ಕ ಮಸ್ಕಿ ಬಸ್ ಸ್ಟ್ಯಾಂಡ್ ಮುಂದ ಫ್ಲೆಕ್ಸ್ ನಿಂತಿತು, ಒಂದು ತಾಸು ತಡ. ಅಧ್ಯಕ್ಷ ಬಂದು ನೋಡಿ ಕೆಂಡ ಆದ. "ಇದ್ಯಾವ ಗುಮಾಸ್ತನ್ನ ಹಾಕೀಯಲೇ? ಹೋಗೋ ಬರೋರಿಗೆ ಹೆಂಗ ಗುರ್ತು ಹತ್ತಬೇಕು?"

"ಹತ್ತಂಗಿಲ್ಲ. ನಾ ಇಲ್ಲೇ ಇರ್ತೀನಿ" ಅಂದೆ.

ಅಂವ ಬೈಕೋಂತ ಹೋದ. ನಾ ಫ್ಲೆಕ್ಸಿನ ಕಟ್ಟಿಗಿ ಹಿಡಕೊಂಡು ನಿಂತೆ. ನಟ ಅಂದ್ರ ನೋಡಿದಕೂಡ್ಲೇ ಗುರ್ತು ಹತ್ತಬೇಕು ಅನ್ನೋ ನನ್ನ ಮಾತು ನಾ ಇನ್ನೂ ಬಿಟ್ಟಿಲ್ಲ. ಅವ್ರು ಒಂದ ಒಂದು ಕೆಮ್ಮು ಇಟ್ಕೊಂಡಿದ್ರ ಅವತ್ತು ಆ ರೋಡು ತುಂಬಿ ಹೋಗ್ತಿತ್ತು. ಮಂದಿ ಬಸ್ ಇಳದು, ಒಮ್ಮಿ ಕತ್ತು ಎತ್ತಿ, ಹಂಗ ದಾಟಾಕತ್ತಿದ್ರು.

ಲಿಂಗಸುಗೂರು ಬಸ್ಸಿನಿಂದ ಕೈಚೀಲ ಹಿಡಕೊಂಡು ಒಬ್ಬ ಹಿರ್ಯಾ ಇಳದು ನಿಂತ. ಹೆಸರು ಓದಿದ. ಫೋಟೋ ನೋಡಿದ. ನನ್ನ ನೋಡಿದ.

"ತಮ್ಮಾ, ಇವ್ರು ಸಿನಿಮಾದವ್ರೇನು? ಆ ಮೀನು ಮಾರೋ ಮುದುಕ ಮಾಡಿದ್ರಂತಲ್ಲ?"

"ಹೌದ್ರಿ."

ಇನ್ನೂ ಸಮೀಪ ಬಂದು, ಕಣ್ಣು ಸಣ್ಣ ಮಾಡಿ ನೋಡಿದ. "ಹಂಗ ಕಾಣವಲ್ರಲ್ಲೋ."

"ಕಾಣಂಗಿಲ್ಲರಿ" ಅಂದೆ. "ಇವ್ರೇ ಅವ್ರು."